ಸೀಟಿನಿಂದ ಏಳದ ಮರ್ಯಾದೆ

ಸೇಬಿನ ಕೊಯ್ಲು ಶುರುವಾದ ವಾರವೇ ಯಾಕಿಮಾ ಕಣಿವೆಯ ರಸ್ತೆಗಳಲ್ಲಿ ಹೊಸ ಪೊಲೀಸರು ಕಾಣಿಸಿಕೊಂಡರು. ಊರಿನ ಶೆರಿಫ್ ಕಡೆಯವರಲ್ಲ, ಅವರ ಮುಖ ಎಲ್ಲರಿಗೂ ಗೊತ್ತು. ಇವರು ಕೇಂದ್ರ ಸರ್ಕಾರದ ಫೆಡರಲ್ ಪೊಲೀಸರು. ಇವರ ಕೆಲಸ ಕೆನಡಾ ಗಡಿಯಲ್ಲಿ ಎಂದೇ ಜನ ತಿಳಿದಿದ್ದರು. ಗಡಿಯೋ, ಬೆಟ್ಟ ದಾಟಿ ಅರ್ಧ ದಿನದ ದಾರಿ. ಆದರೂ ತೋಟದ ತಿರುವಿನಲ್ಲಿ ಕಾದು, ಕೆಲಸಕ್ಕೆ ಹೋಗುವ ವ್ಯಾನುಗಳನ್ನು ನಿಲ್ಲಿಸತೊಡಗಿದ್ದರು.

ಎರ್ಲಿಂದಾಳಿಗೆ ಅಂದಿನಿಂದ ಕೆಲಸಕ್ಕೆ ಹೋಗುವ ದಾರಿಯದೇ ಚಿಂತೆ. ಅವಳ ಗಂಡ ಎವರಿಸ್ತೊ ದಿನಾ ಬೆಳಗ್ಗೆ ತಮ್ಮ ಹಳೆಯ ವ್ಯಾನಿನಲ್ಲಿ ಬೀದಿಯ ಹೆಂಗಸರನ್ನು ಹಣ್ಣು ಪ್ಯಾಕ್ ಮಾಡುವ ಶೆಡ್ಡಿಗೆ ಕರೆದೊಯ್ಯುವವನು. ಬೇರೆ ದೇಶದಿಂದ ವಲಸೆ ಬಂದಿದ್ದ ಗಂಡಹೆಂಡಿರಿಬ್ಬರಿಗೂ ಕಾಗದಪತ್ರ ಸರಿಯಿತ್ತು. ಆದರೆ ಹಿಂದಿನ ಸೀಟಿನಲ್ಲಿ ಕೂರುವ ರುಫಿನಾ ಈ ದೇಶದಲ್ಲಿ ಉಳಿಯಲು ಹಾಕಿದ ಅರ್ಜಿ ಇನ್ನೂ ಕೋರ್ಟಿನಲ್ಲಿತ್ತು. ಅವಳದು ಎದೆಹಾಲು ಬಿಡದ ಕೂಸು. ಅದನ್ನು ತಂಗಿಯ ಕೈಗಿಟ್ಟು ಬರುತ್ತಿದ್ದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ವ್ಯಾನಿನವರೆಲ್ಲ ಎರ್ಲಿಂದಾಳ ಹಿತ್ತಲಲ್ಲಿ ಸೇರಿದರು. ಒಲೆಯ ಮೇಲೆ ಮೆಕ್ಕೆಜೋಳದ ಕಡುಬು, ತಮಾಲೆ, ಬೇಯುತ್ತಿತ್ತು. ಚರ್ಚಿನ ಕಾನೂನು ನೆರವಿನ ಕೋಣೆಯಲ್ಲಿ ಕೆಲಸ ಮಾಡುವ ನೊಎಮಿಯೂ ಬಂದಿದ್ದಳು. ಎರ್ಲಿಂದಾಳ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಮಾತೆಯಾಗಿ ನಿಂತವಳು, ಅಂದಿನಿಂದ ಮನೆಯವಳೇ.

"ಗಡಿ ಕಾಯೋರು ಗಡಿ ಕಾಯ್ಲಿ," ಎವರಿಸ್ತೊ ರೇಗಿದ. "ನಮ್ಮ ರಸ್ತೇಲಿ ನಿಲ್ಲಿಸೋಕೆ ಇವ್ರಿಗೇನ್ ಅಧಿಕಾರ? ನನ್ನ ನಿಲ್ಲಿಸ್ಲಿ, ಮುಖಕ್ಕೇ ಕೇಳ್ತೀನಿ."

"ಕೇಳ್ಬೇಕಾದ್ದೇ ಭಾವ," ಎಂದಳು ನೊಎಮಿ. "ಆದ್ರೆ ಎಲ್ಲಿ ಕೇಳ್ತೀರಿ ಅನ್ನೋದು ಮುಖ್ಯ. ಕೆಲವು ಸಲ ಅವ್ರಿಗೆ ಅಧಿಕಾರ ಇರುತ್ತೆ, ಕೆಲವು ಸಲ ಇರಲ್ಲ. ಗಾಡಿ ತಡೆಯೋಕೆ ತಕ್ಕ ಕಾರಣ ಬೇಕು. ಅದಿತ್ತಾ ಇಲ್ವಾ ಅಂತ ವಕೀಲ್ರು ಕೋರ್ಟಲ್ಲಿ ಕೇಳ್ತಾರೆ. ಬಂದೂಕು ಕಟ್ಕೊಂಡೋನ ಹತ್ರ ರಸ್ತೆ ಬದೀಲಿ ವಾದ ಮಾಡಿದ್ರೆ, ಗೆದ್ರೂ ಸೋತ ಹಾಗೇ."

"ನಾನೇನು ಕಳ್ಳನಾ, ಹೆದ್ರೋಕೆ?"

"ಹೆದ್ರಬೇಡಿ. ಈಗ ಆ ಬೆಂಚು ವ್ಯಾನು ಅಂದ್ಕೊಳ್ಳಿ. ನಾನು ಪೊಲೀಸು. ನಿಲ್ಲಿಸಿದೆ. ಏನ್ ಮಾಡ್ತೀರಿ?"

ನೊಎಮಿ ಸೌಟು ಹಿಡಿದು ಠೀವಿಯಿಂದ ನಡೆದು ಬಂದಾಗ ಹೆಂಗಸರು ಕಿಸಕ್ಕೆಂದರು. ಎವರಿಸ್ತೊ ಎದ್ದ. ಟೋಪಿ ತೆಗೆದ. ಕೈ ಚಾಚಿ ಅವಳತ್ತ ಹೆಜ್ಜೆ ಹಾಕಿದ. "ನಮಸ್ಕಾರ ಸಾಹೇಬ್ರೇ, ಏನಪ್ಪಣೆ?"

"ಅಲ್ಲೇ! ಮುಂದೆ ಬರ್ಬೇಡಿ!"

ಅವಳ ದನಿಗೆ ನಗು ನಿಂತುಹೋಯಿತು.

"ಏನಾಯ್ತೇ ತಾಯಿ? ಮರ್ಯಾದೆ ಕೊಟ್ಟೆನಲ್ಲ," ಎವರಿಸ್ತೊನ ಮುಖ ಕೆಂಪಾಗಿತ್ತು. "ನಮ್ಮೂರಲ್ಲಿ ಪೊಲೀಸ್ನೋನು ನಿಲ್ಲಿಸಿದ್ರೆ ಇಳಿದು ಹೋಗಿ ಮಾತಾಡಿಸ್ಬೇಕು. ಅವನು ನಿಂತಿರೋವಾಗ ನಾನು ರಾಜನ ಹಾಗೆ ಕೂತಿದ್ರೆ ಸೊಕ್ಕು ಅಂತಾರೆ. ನಮ್ಮಪ್ಪ ಕಂಡಿದ್ರೆ ಕಪಾಳಕ್ಕೆ ಬಿಡ್ತಿದ್ದ."

"ಅಲ್ಲಿ ಇಳಿದ್ರೆ ಮರ್ಯಾದೆ ಭಾವ. ಇಲ್ಲಿ ಇಳಿದ್ರೆ, ಮೈಮೇಲೆ ಬೀಳೋಕೆ ಬರ್ತಿದಾನೆ ಅಂತ ಅಂದ್ಕೋತಾರೆ. ಅವರ ಕೈ ಎಲ್ಲಿಗೆ ಹೋಗುತ್ತೆ ಗೊತ್ತಾ?" ನೊಎಮಿ ತನ್ನ ಸೊಂಟ ಮುಟ್ಟಿ ತೋರಿಸಿದಳು.

ಎರ್ಲಿಂದಾಳಿಗೆ ಹಳೆಯದೊಂದು ನೆನಪಾಯಿತು. ಹಿಂದೊಮ್ಮೆ ಶೆರಿಫ್ ಕಡೆಯವನು ನಿಲ್ಲಿಸಿದಾಗ ಎವರಿಸ್ತೊ ಹೀಗೇ ಇಳಿದು ಹೋಗಿದ್ದ. ಪರಿಚಯದವನು, ನಕ್ಕು ಕೈ ಕುಲುಕಿದ್ದ. ಈ ಹೊಸಬರು ನಗುವವರೇ?

ನೊಎಮಿ ಬಿಡಿಸಿ ಹೇಳಿದಳು. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈ ಕಾಣುವಂತೆ ಸ್ಟೀರಿಂಗ್ ಮೇಲಿಡಬೇಕು. ಲೈಸೆನ್ಸ್, ಗಾಡಿಯ ಕಾಗದ, ವಿಮೆ ಕೇಳಿದರೆ ಕೊಡಬೇಕು, ಆದರೆ ಕೈ ಆಡಿಸುವ ಮೊದಲು ಬಾಯಲ್ಲಿ ಹೇಳಬೇಕು. ಇಳಿ ಎಂದರೆ ಇಳಿಯಬೇಕು. ಅನ್ನದಿದ್ದರೆ ಸೀಟು ಬಿಡಬಾರದು. ಸುಳ್ಳು ಹೇಳಬಾರದು, ನಕಲಿ ಕಾಗದ ತೋರಿಸಬಾರದು, ಓಡಬಾರದು. ಗಾಡಿ ಶೋಧಿಸುತ್ತೇವೆಂದರೆ ಒಪ್ಪಿಗೆ ಇಲ್ಲ ಎನ್ನಬೇಕು, ಹೋಗಬಹುದಾ ಎಂದು ಕೇಳಬೇಕು.

"ಮತ್ತೆ, ಹಿಂದೆ ಕೂತೋರು 'ಯಾವೂರು' ಅಂತ ಕೇಳಿದ್ರೆ ಉತ್ತರ ಕೊಡ್ಲೇಬೇಕು ಅಂತ ಇಲ್ಲ."

"ಯಾವೂರು ಅಂದ್ರೆ ಹೇಳ್ದೆ ಇರೋದಾ?" ಮುದುಕಿ ತೆಕ್ಲಾ ಬಾಯಿಗೆ ಕೈಯಿಟ್ಟಳು. "ನಾನು ಊರು ಹೇಳಿ, ಊರಹಬ್ಬಕ್ಕೂ ಕರ್ದುಬಿಡ್ತೀನಲ್ಲೇ!"

ಎಲ್ಲರೂ ನಕ್ಕರು. ರುಫಿನಾ ನಗಲಿಲ್ಲ. "ಹೆದ್ರಿಕೆ ಆದ್ರೆ ನನ್ ಬಾಯಿ ತಾನಾಗೇ ಓಡುತ್ತೆ ಅಕ್ಕಾ. ಏನೇನೋ ಹೇಳ್ಬಿಡ್ತೀನಿ."

"ಹಾಗಾದ್ರೆ ಒಂದೇ ಮಾತು ಕಲಿ. 'ನಾನು ಮೌನವಾಗಿರ್ತೀನಿ. ವಕೀಲರ ಜೊತೆ ಮಾತಾಡ್ಬೇಕು.' ಅಷ್ಟೇ. ಹೇಳು."

ರುಫಿನಾ ಹೇಳಿದಳು. ತಮಾಲೆ ಬೇಯುವವರೆಗೂ ಹೇಳುತ್ತಲೇ ಇದ್ದಳು. ಎವರಿಸ್ತೊ ಮಾತ್ರ, "ಮೂಗಬಸವನ ಹಾಗೆ ಕೂತ್ಕೋಬೇಕಂತೆ," ಎಂದು ಗೊಣಗಿ ಒಳಗೆ ಹೋದ.

ಬುಧವಾರ ಬೆಳಗ್ಗೆ ಕಾಲುವೆಯ ಮೇಲೆ ಇನ್ನೂ ಮಂಜಿತ್ತು. ಕನ್ನಡಿಯಲ್ಲಿ ಕೆಂಪು ನೀಲಿ ದೀಪ ಮಿನುಗಿತು. ಎವರಿಸ್ತೊ ವ್ಯಾನನ್ನು ಬದಿಗೆ ತೆಗೆದು ನಿಲ್ಲಿಸಿದ. ಆ ಹೊಸ ಪೊಲೀಸರಲ್ಲಿ ಇಬ್ಬರು ಇಳಿದು ಬರುತ್ತಿದ್ದರು. ಎರ್ಲಿಂದಾ ಗಂಡನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಸೀಟ್ ಬೆಲ್ಟ್ ಬಿಚ್ಚಿತು. ಬಾಗಿಲಿನ ಹಿಡಿಗೆ ಹೋಯಿತು.

ಅವಳು ಕೂಗಲಿಲ್ಲ. "ನಿಮ್ಮಪ್ಪ ನೋಡ್ತಾ ಇಲ್ಲ ಕಣ್ರಿ," ಎಂದಳು ಮೆಲ್ಲಗೆ. "ನಾನು ನೋಡ್ತಾ ಇದೀನಿ."

ಕೈ ಅಲ್ಲೇ ನಿಂತಿತು. ಆಮೇಲೆ ಎರಡೂ ಕೈ ಸ್ಟೀರಿಂಗ್ ಮೇಲೆ ಬಂದವು.

"ಲೈಸೆನ್ಸ್."

"ಜೇಬಲ್ಲಿದೆ ಸರ್. ತೆಗೀತಾ ಇದೀನಿ." ಕೊಟ್ಟ. "ಯಾಕೆ ನಿಲ್ಲಿಸಿದ್ರಿ ಸರ್?"

"ಮಾಮೂಲಿ ತಪಾಸಣೆ." ಟಾರ್ಚಿನ ಬೆಳಕು ಹಿಂದಿನ ಸೀಟುಗಳ ಮೇಲೆ ಹರಿದು ರುಫಿನಾಳ ಮುಖದಲ್ಲಿ ನಿಂತಿತು. "ಯಾವೂರು ನಿಂದು?"

ರುಫಿನಾಳ ದನಿ ನಡುಗಿತು, ಆದರೆ ಮಾತು ಮುರಿಯಲಿಲ್ಲ. "ನಾನು ಮೌನವಾಗಿರ್ತೀನಿ. ವಕೀಲರ ಜೊತೆ ಮಾತಾಡ್ಬೇಕು."

"ತಪ್ಪು ಮಾಡ್ದೇ ಇರೋರಿಗೆ ಮಾತಾಡೋಕೇನು ಕಷ್ಟ?" ಎರಡನೆಯವನು ಕೇಳಿದ. ತೆಕ್ಲಾ ತುಟಿ ಕಚ್ಚಿ ಕೂತಿದ್ದಳು. "ಹಿಂದುಗಡೆ ಏನಿದೆ, ತೆಗೆದು ನೋಡೋಣ," ಎಂದ ಅವನೇ.

"ಶೋಧಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್," ಎಂದ ಎವರಿಸ್ತೊ. ಕೈ ಕದಲಿಸಲಿಲ್ಲ.

"ನಾವು ಹೋಗ್ಬಹುದಾ?" ಎರ್ಲಿಂದಾ ಕೇಳಿದಳು. ಪೊಲೀಸರಿಬ್ಬರೂ ದೂರ ನಿಂತು ಏನೋ ಮಾತಾಡಿಕೊಂಡರು. ಅವಳು ಅದೇ ದನಿಯಲ್ಲಿ ಮತ್ತೆ ಕೇಳಿದಳು. "ನಾವು ಹೋಗ್ಬಹುದಾ?"

ಲೈಸೆನ್ಸ್ ವಾಪಸು ಬಂತು. "ಹೋಗಿ."

ಶೆಡ್ಡಿನ ಮುಂದೆ ವ್ಯಾನು ನಿಂತ ಮೇಲೂ ಎವರಿಸ್ತೊನ ಬೆರಳು ಸ್ಟೀರಿಂಗ್ ಬಿಡಲಿಲ್ಲ. "ಸುಮ್ನೆ ಕೂತ್ಕೊಳ್ಳೋಕೆ ಇಷ್ಟು ಧೈರ್ಯ ಬೇಕು ಅಂತ ಗೊತ್ತಿರ್ಲಿಲ್ಲ ಕಣೇ," ಎಂದ. ಕೀಲಿ ತೆಗೆಯುತ್ತಾ, "ಅವ್ರಿಗೆ ಅಧಿಕಾರ ಇತ್ತಾ?" ಎಂದು ಕೇಳಿದ.

"ಗೊತ್ತಿಲ್ಲ. ಗೊತ್ತಿರೋರನ್ನ ಕೇಳೋಣ," ಎಂದಳು ಎರ್ಲಿಂದಾ.

ಸಂಜೆ ಎಲ್ಲರೂ ನೊಎಮಿಯ ಕೋಣೆಗೆ ಹೋದರು. ಪೊಲೀಸರ ಅಂಗಿಯ ಮೇಲೆ ಏನು ಬರೆದಿತ್ತೆಂದು ತೆಕ್ಲಾ ಹೇಳಿದಳು. ಅವರ ಗಾಡಿಯ ನಂಬರನ್ನು ರುಫಿನಾ ಹೇಳಿದಳು, ಮಡಿಲಲ್ಲಿ ಕೂಸು ಹಾಲು ಕುಡಿಯುತ್ತಿತ್ತು. ನಿಲ್ಲಿಸಿದ್ದಕ್ಕೆ ಕಾರಣವೇನೆಂದು ವಕೀಲರು ಕೇಳಲಿದ್ದಾರೆ. ಉಳಿದ ಚಾಲಕರಿಗೂ ಹೇಳಿಕೊಡಲು ಎವರಿಸ್ತೊ ತಾನೇ ಒಪ್ಪಿಕೊಂಡ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೀಗೆ ಮಾಡಿದವರೆಲ್ಲ ಪ್ರತಿ ಸಲವೂ ಮನೆ ಸೇರುತ್ತಾರೆಂದು ನಾವು ಮಾತು ಕೊಡಲಾರೆವು. ಆದರೆ ಸುಮ್ಮನಿದ್ದವರ ಮಾತನ್ನು ಅವರ ಮೇಲೇ ತಿರುಗಿಸಲಾಗದು. ಕೈ ಕಾಣುವಂತೆ ಕೂತವರನ್ನು ಕಂಡು ಪೊಲೀಸರು ಬೆಚ್ಚಲು ಕಾರಣವಿರದು. ನಿಮಗೆ ವಲಸೆಯ ಕಾಗದವಿದ್ದರೆ ಜೊತೆಗಿಟ್ಟುಕೊಳ್ಳಿ. ವಕೀಲರ ನಂಬರನ್ನು ಬಾಯಿಪಾಠ ಮಾಡಿ. ನೀವು ಬರುವುದು ತಡವಾದರೆ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಇವತ್ತೇ ಗೊತ್ತುಮಾಡಿ. ನಿಮ್ಮ ಗಾಡಿಯಲ್ಲಿ ಕೂರುವವರನ್ನೆಲ್ಲ ಕರೆದು ಈ ಮಾತುಗಳನ್ನು ಒಮ್ಮೆ ಜೋರಾಗಿ ಹೇಳಿಸಿ. ದೀಪ ಮಿನುಗಿದ ಮೇಲೆ ಕಲಿಯಲು ಹೊತ್ತಿರುವುದಿಲ್ಲ.