ಸರದಿಯ ಸಾಲಿನ ಕಾದಂಬರಿಗಾರ್ತಿ

"ಕೊಡೆ ಹಿಡಿದವನೇ, ಎದ್ದು ನಿಲ್ಲು! ಈ ಕೊಡೆ ನಿನ್ನದಲ್ಲ ಎಂಬುದಕ್ಕೆ ಏನು ಆಧಾರ?" ಎಂದು ಗುಡುಗಿದ ಹೆಣ್ಣುಧ್ವನಿಗೆ ಬೆಚ್ಚಿ, ಬೆಂಚಿನಿಂದ ಸಟಕ್ಕನೆ ಎದ್ದು ನಿಂತ ಮಹಾನುಭಾವ ನಾನೇ. ಕೈಯಲ್ಲಿದ್ದ ಕೊಡೆಯೋ ನಮ್ಮಕ್ಕನದು, ಅಂಚಿಗೆ ಗುಲಾಬಿ ಬಣ್ಣದ ಜಾಲರಿ ಬೇರೆ. "ನನ್ನದಲ್ಲ ಮೇಡಂ, ಒಪ್ಕೋತೀನಿ. ಆದ್ರೆ ಕದ್ದದ್ದೂ ಅಲ್ಲ. ಬೇಕಾದ್ರೆ ಅಕ್ಕನಿಗೇ ಫೋನ್ ಮಾಡಿ ಕೇಳಿ" ಎಂದು ತೊದಲಿದೆ. ಕಾಯಲು ಕೂತಿದ್ದ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಧ್ವನಿಯ ಒಡತಿ ಕನ್ನಡಕದ ಮೇಲಿನಿಂದ ನನ್ನನ್ನು ಅಳೆದು ನೋಡಿ, "ಇದು ಕಥೆ ಕಣಪ್ಪಾ. ಕೂತ್ಕೋ, ಅಲ್ಪವಿರಾಮ, ಮಧ್ಯೆ ಬಾಯಿ ಹಾಕ್ಬೇಡ, ಪೂರ್ಣವಿರಾಮ" ಎಂದರು.

ನಮ್ಮ ಕಂಪನಿಯ ವಿಳಾಸದಲ್ಲಿ ತಪ್ಪಿ ನುಸುಳಿದ್ದ ಅಂಕಿಯೊಂದನ್ನು ತಿದ್ದಿಸಿಕೊಂಡು ಬರಲು ಮ್ಯಾನೇಜರು ನನ್ನನ್ನು ಆ ಸರ್ಕಾರಿ ಕಚೇರಿಗೆ ಅಟ್ಟಿದ್ದರು. ಬೇರೆ ಯಾವ ಕೆಲಸಕ್ಕೂ ಒದಗದವನು ಕಾಯುವುದಕ್ಕಾದರೂ ಒದಗಲಿ ಎಂಬ ಉದಾರಬುದ್ಧಿ ಅವರದು. ಅಲ್ಲಿ ಆ ಹೆಂಗಸನ್ನು ಎಲ್ಲರೂ ಟೈಪಿಸ್ಟಮ್ಮ ಎನ್ನುತ್ತಿದ್ದರು. ಅದೇ ಕಚೇರಿಯಲ್ಲಿ ಆಯುಷ್ಯವೆಲ್ಲ ಅನ್ಯರ ವಾಕ್ಯಗಳನ್ನು ಬೆರಳಚ್ಚು ಮಾಡಿ ನಿವೃತ್ತರಾದವರು. ಸಾಹೇಬರುಗಳು ಹೇಳಿ ಬರೆಸಿದ ವಿರಾಮಚಿಹ್ನೆಗಳು ರಕ್ತಕ್ಕಿಳಿದು, ಈಗ ಅವರ ಮಾತಿನಿಂದಲೇ ಉದುರುತ್ತಿದ್ದವು. ನಡಿಗೆಯೂ ಯಂತ್ರದ್ದೇ: ಟಕಟಕನೆ ಒಂದೇ ಸಮ ಮುಂದೆ ಸಾಗಿ, ಗೋಡೆ ಬಂದೊಡನೆ ಕತ್ತು ಝಾಡಿಸಿ, ಹೊಸ ಸಾಲು ಹಿಡಿದವರಂತೆ ಸರ್ರನೆ ಹಿಂದಿರುಗುವ ನಡಿಗೆ. ಮಳೆಯಿರಲಿ, ಬಿಸಿಲಿರಲಿ, ಮೊಳಕಾಲು ದಾಟಿದ ಅದೇ ಬೂದು ಕೋಟು. ಬಲ ಜೇಬಿನಲ್ಲಿ ಓದಬೇಕಾದ ಹಾಳೆಗಳು, ಎಡ ಜೇಬಿನಲ್ಲಿ ಓದಿ ಮುಗಿದವು.

ಓದುತ್ತಿದ್ದದ್ದು ಅವರೇ ಬರೆಯುತ್ತಿದ್ದ ಕಾದಂಬರಿ. ಅಧಿಕಾರಿಯೊಬ್ಬ ಬಸ್ಸಿನಲ್ಲಿ ಮರೆತ ಕೊಡೆಯನ್ನು ಹಿಂದಿರುಗಿಸಲು ಸಜ್ಜನನೊಬ್ಬ ಕಚೇರಿಗೆ ಬರುತ್ತಾನೆ. ವಸ್ತುಗಳನ್ನು ಕೊಡುವುದಕ್ಕೆ ಅಲ್ಲಿ ನಿಯಮವಿದೆ, ವಾಪಸು ಪಡೆಯುವುದಕ್ಕೆ ಇಲ್ಲ. ಕೊಡೆ ಅವನ ಸುಪರ್ದಿಯಲ್ಲೇ ಉಳಿಯುತ್ತದೆ. ಹೊರಗೆ ಮಳೆ ಸುರಿದರೂ ಬಿಡಿಸುವಂತಿಲ್ಲ, ಸರ್ಕಾರಿ ಸೊತ್ತು! "ಅಮ್ಮಾ, ಆ ಪುಣ್ಯಾತ್ಮ ಕೊಡೇನ ಬಾಗಿಲಲ್ಲಿ ಒಗೆದು ಓಡಿಹೋಗಬಾರದಾ?" ಎಂದು ಬೇಕರಿ ಯಜಮಾನರೊಬ್ಬರು ತಡೆಯಲಾರದೆ ಕೇಳಿದರು. "ನೀವ್ಯಾಕೆ ಓಡಿಹೋಗ್ತಿಲ್ಲ?" ಎಂದರು ಟೈಪಿಸ್ಟಮ್ಮ. ಆಗ ಎದ್ದ ನಗೆಗೆ ಕಿಟಕಿಯ ಗಾಜು ನಡುಗಿತು. ಕಾಲೇಜಿನಲ್ಲಿ ಇಂಥ ಅಸಂಗತ ಕಥೆಗಳನ್ನು ತಲೆದಿಂಬಾಗಿಯೂ ಬಳಸಿದ್ದ ನಾನು, ಇದು ಮನುಷ್ಯನ ಅಸ್ತಿತ್ವದ ರೂಪಕವಲ್ಲವೇ ಎಂದು ಗಂಭೀರನಾಗಿ ಕೇಳಿದ್ದಕ್ಕೆ, "ರೂಪಕವಂತೆ! ಈ ಕಾರಿಡಾರೇ ಕಣೋ ಅದು" ಎಂದುಬಿಟ್ಟರು.

ಜನ ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂದು ನೋಡಿಕೊಂಡೇ ಅವರು ಮನೆಗೆ ಹೋಗಿ ಮುಂದಿನ ಹಾಳೆ ಬರೆಯುತ್ತಿದ್ದುದು. ಓದು ನಿಂತರೆ ಕಾದಂಬರಿಯೂ ನಿಂತಂತೆಯೇ. ವಿಳಾಸಕ್ಕಾಗಿ ನಾನು ಅಲ್ಲಿಗೆ ಅಲೆಯುತ್ತಿದ್ದ ದಿನಗಳಲ್ಲೇ ಆ ಗಂಡಾಂತರವೂ ಬಂತು. ಹೊಸದಾಗಿ ಬಂದ ಸಾಹೇಬರು, ಅನುಮತಿಯಿಲ್ಲದೆ ಯಾರೂ ಗಟ್ಟಿಯಾಗಿ ಓದಕೂಡದೆಂದು ಸೂಚನೆ ಅಂಟಿಸಿದರು. ಟೈಪಿಸ್ಟಮ್ಮ ಆ ಸೂಚನೆಯನ್ನೇ ಅಭಿನಯಸಹಿತ ಗಟ್ಟಿಯಾಗಿ ಓದಿ, ಅನುಮತಿಗೆ ಅರ್ಜಿ ಹಾಕಿದರು. ಕೊಡೆಯ ಗತಿ ತಿಳಿಯದೆ ರಾತ್ರಿ ನಿದ್ದೆ ಬಾರದ, ಅರ್ಜಿ ಪಡೆಯುವ ಕಿಟಕಿಯ ಗುಮಾಸ್ತ, ಅರ್ಜಿ ಇತ್ಯರ್ಥವಾಗುವ ತನಕ ಹಿಂದಿನಂತೆಯೇ ನಡೆಯಬಹುದೆಂಬ ನಿಯಮವನ್ನು ಎಲ್ಲಿಂದಲೋ ಹೆಕ್ಕಿ ತೆಗೆದ. ಸದ್ಯ ಬದುಕಿದೆವು ಎಂದುಕೊಂಡೆವು, ಏಕೆಂದರೆ ಆ ಕಚೇರಿಯಲ್ಲಿ ಅರ್ಜಿಗಳು ಇತ್ಯರ್ಥವಾದದ್ದನ್ನು ಕಂಡವರಾರು? ಆದರೆ ಸಾಹೇಬರು ಘಾಟಿ. ಮರುದಿನವೇ ಅನುಮತಿ ಮಂಜೂರು! ಷರತ್ತು ಒಂದೇ: ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಓದತಕ್ಕದ್ದು.

ಖಾಲಿ ಬೆಂಚುಗಳ ಮುಂದೆ ಓದುವುದೆಂದರೇನು! ನಮ್ಮ ಮುಖಗಳು ಜೋತುಬಿದ್ದವು. ಗುಮಾಸ್ತ ಮಾತ್ರ ಪೆನ್ನಿನ ತುದಿ ಕಚ್ಚುತ್ತ, "ಅಮ್ಮಾ, ಆದೇಶವನ್ನ ಅರ್ಜಿದಾರರು ಖುದ್ದಾಗಿ ಕಿಟಕಿಗೆ ಬಂದು, ಸಹಿ ಹಾಕಿ ತಗೋಬೇಕು. ಅಲ್ಲೀವರೆಗೆ ಅದು ಜಾರಿಗೆ ಬರಲ್ಲ. ಸಾಲಿನಲ್ಲೇ ಬರಬೇಕು ಮತ್ತೆ" ಎಂದ. ಟೈಪಿಸ್ಟಮ್ಮನ ಕಣ್ಣು ಫಳಕ್ಕೆಂದಿತು. ಕೋಟು ಕೊಡವಿಕೊಂಡು ಎದ್ದರು, ಸಾಲಿನಲ್ಲಿ ನಿಂತರು, ಬಲ ಜೇಬಿಗೆ ಕೈಹಾಕಿದರು. ಓದುತ್ತ ಓದುತ್ತ ಕಿಟಕಿಯ ಹತ್ತಿರ ಬಂದೊಡನೆ ಹಿಂದಿನವರಿಗೆ, "ನೀವು ಮುಂದೆ ಹೋಗಿ, ನನಗೇನೂ ಆತುರವಿಲ್ಲ" ಎಂದು ಕತ್ತು ಝಾಡಿಸಿ ಸಾಲಿನ ತುದಿಗೆ ಸರ್ರನೆ ಮರಳಿದರು. ಆಹಾ! ಜನ ಚಪ್ಪಾಳೆ ತಟ್ಟಿದರು. ಒಳಕೋಣೆಯ ಪರದೆ ಸರಿಸಿ ನೋಡಿದ ಸಾಹೇಬರಿಗೆ ಕಂಡದ್ದು ಶಿಸ್ತಾಗಿ ಸರದಿ ಕಾಯುತ್ತಿರುವ ಒಬ್ಬ ವೃದ್ಧೆ ಮಾತ್ರ. ಅಂದಿನಿಂದ ಆ ಆದೇಶ ಕಿಟಕಿಯ ಆಚೆಗೂ ಕಾದಂಬರಿ ಈಚೆಗೂ ಉಳಿದಿವೆ, ಇವತ್ತಿಗೂ.

ಕಚೇರಿಯ ಅಸಂಬದ್ಧವನ್ನು ಬರೆಯುವ ಇಂಥವರು ಲೋಕದ ಮೇಲೆ ಮುನಿದು ಬರೆಯುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲ. ಮುನಿದವರು ಹೊರಗೆ ನಿಂತು ಕಲ್ಲು ಬೀಸುತ್ತಾರೆ. ಈ ಜಾತಿಯವರು ಕಚೇರಿಯೆಂಬ ಆ ಜಟಿಲವಾದ ಬಲೆಯೊಳಗೇ ಹೊಕ್ಕು, ಅದರ ನೂಲಿನಿಂದಲೇ ತಮಗೊಂದು ತೂಗುಯ್ಯಾಲೆ ಹೆಣೆದುಕೊಂಡು, ನಮ್ಮನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ವಿಳಾಸ ಇನ್ನೂ ತಿದ್ದುಪಡಿಯಾಗದೆ, ಮೊನ್ನೆ ಮತ್ತೆ ಅವರ ಹಿಂದೆಯೇ ನಿಂತಿದ್ದ ನಾನು, ಕೇಳಬಾರದ್ದನ್ನು ಕೇಳಿಬಿಟ್ಟೆ: "ಅಮ್ಮಾ, ಯಾವ ಪ್ರಕಾಶಕರೂ ಇದನ್ನ ಅಚ್ಚು ಹಾಕೋಕೆ ಒಪ್ಪಲಿಲ್ಲ ಅಂತಾರೆ. ಅದಕ್ಕೇನಾ ಇಲ್ಲಿ ಬಂದು ಓದೋದು?"

ಹಾಳೆಯಿಂದ ತಲೆಯೆತ್ತದೆಯೇ ಹೇಳಿದರು: "ಹೌದು. ಮನೇಲಿ ಓದಿದ್ರೆ ಜನ ಎದ್ದು ಹೋಗ್ತಾರೆ, ಅಲ್ಪವಿರಾಮ, ಇಲ್ಲಿ ಎದ್ದು ಹೋದ್ರೆ ಸರದಿ ಹೋಗುತ್ತೆ, ಪೂರ್ಣವಿರಾಮ. ನೀನು ಮುಂದೆ ಹೋಗು."