ಹನ್ನೆರಡನೆಯ ಒಲೆಗಲ್ಲು

ಮೆಟ್ಟೂರು ಅಣೆಕಟ್ಟೆಯ ನೀರು ಹಳೇಪಾಡಿಯನ್ನು ನುಂಗಲು ಬಂದಾಗ ಊರಿನಲ್ಲಿ ಹನ್ನೆರಡು ಮನೆಗಳಿದ್ದವು. ಆರು ಮನೆಯವರು ಸೇಲಂ ದಡಕ್ಕೆ ಹೋದರು, ಐದು ಮನೆಯವರು ಧರ್ಮಪುರಿ ದಡಕ್ಕೆ. ಹನ್ನೆರಡನೆಯ ಮನೆಯವರು ಹಡಗು ಹತ್ತಿ ಮಲಯಾ ಸೇರಿದರು. ಊರದೇವತೆ ಹೊಳೆಮಾರಮ್ಮ ಯಾವ ದಡಕ್ಕೆ ಬರಬೇಕೆಂಬ ಜಗಳ ಮಾತ್ರ ತೀರಲಿಲ್ಲ. ಕೊನೆಗೆ ಹಿರಿಯರು ಒಂದು ಕಟ್ಟಳೆ ಮಾಡಿದರು. ಪ್ರತಿ ಮನೆಯವರೂ ತಮ್ಮ ಒಲೆಯ ಮೂರು ಕಲ್ಲುಗಳಲ್ಲಿ ಎರಡನ್ನು ಅಲ್ಲೇ ಬಿಟ್ಟು, ಒಂದನ್ನು ಕೊಂಡೊಯ್ಯಬೇಕು. ಹನ್ನೆರಡು ಕಲ್ಲೂ ಮತ್ತೆ ಒಂದೆಡೆ ಸೇರಿದ ದಿನ ಅಮ್ಮನನ್ನು ಮೇಲೆತ್ತಿ, ಎಲ್ಲಿರುತ್ತೀಯೆ ತಾಯೀ ಎಂದು ಕೇಳಬೇಕು. ಅಲ್ಲಿಯವರೆಗೆ ಅವಳ ಪಂಚಲೋಹದ ಮೂರ್ತಿ ಗುಡಿಯೊಳಗಿನ ಒಂದು ಹಾಸುಗಲ್ಲಿನ ಕೆಳಗೆ, ನೀರಿನಡಿಯಲ್ಲೇ ಇರಲಿ. ಯಾವ ಹಾಸುಗಲ್ಲೆಂಬುದು ಪೂಜಾರಿಯ ವಂಶಕ್ಕೆ ಮಾತ್ರ ಗೊತ್ತಿರಲಿ. ಆದರೆ ಕಲ್ಲು ಹಿಡಿದು ಬಂದವರಿಗೆ ಅವನು ದರ್ಶನ ಇಲ್ಲವೆನ್ನುವಂತಿಲ್ಲ.

ತೊಂಬತ್ತು ವರ್ಷಗಳಾದವು. ಹನ್ನೊಂದು ಕಲ್ಲುಗಳು ಎರಡು ದಡದ ದೇವರ ಗೂಡುಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿವೆ. ಹನ್ನೆರಡನೆಯದಕ್ಕೆ ಕಾಯುತ್ತಲೇ ಪೂಜಾರಿ ವಂಶದ ಚಿಕ್ಕಣ್ಣನ ತಾತ ಸತ್ತ, ಅಪ್ಪ ಸತ್ತ. ಹರಿಗೋಲು ಹಾಕಿ ಬದುಕುವ ಚಿಕ್ಕಣ್ಣನಿಗೂ ಅರವತ್ತನಾಲ್ಕು ದಾಟಿತು. ಸಾಯುವುದರೊಳಗೆ ಆ ಕಲ್ಲನ್ನು ನೋಡಬೇಕೆಂಬುದನ್ನು ಬಿಟ್ಟು ಅವನು ಅಮ್ಮನಲ್ಲಿ ಬೇರೇನನ್ನೂ ಬೇಡಿದವನಲ್ಲ.

ನೀರು ಇಳಿದು ಗುಡಿಯ ಮಂಟಪ ತಲೆಯೆತ್ತಿದ್ದ ಒಂದು ಬೆಳಿಗ್ಗೆ, ಸೇಲಂ ದಡದಲ್ಲಿ ಮೀನು ಮಾರುವ ಸೆಂದಿಲ್ ಕೂಗಿದ.

"ಮಾಮಾ! ಬಾ ಇಲ್ಲಿ. ನಿನ್ಗೆ ಫಾರಿನ್ ಸೊಂದಕಾರ್ರು ಬಂದವ್ರೆ, ನೆಂಟ್ರು. ನನ್ ಅಣೇಬರ ನೋಡು, ಬರೋರೆಲ್ಲಾ ಕೆಂಡೆ ಮೀನ್ ಕಿಲೋ ಎಷ್ಟು ಅಂತಾರೆ!"

ಬಾಡಿಗೆ ಕಾರಿನ ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಅರುಣಾಚಲಂ ಎಂದು ಹೆಸರು ಹೇಳಿದ ಗಂಡಸು ತಮಿಳಿನಲ್ಲೇ ಮಾತಾಡಿದ. ಹೆಂಡತಿ ಜೀವಿತಾ ಆಡಿದ್ದು ಕನ್ನಡ. ಚಿಕ್ಕಣ್ಣನ ಅಜ್ಜಿಯ ಕಾಲದ ಕನ್ನಡ.

"ಹಳೇಪಾಡಿ ಮನೆ ಮೊಮ್ಮಕ್ಕಳು ನಾವು, ಅಯ್ಯಾ. ಮಲಯಾದ ಪಿನಾಂಗಿನಿಂದ ಬಂದ್ವಿ."

ಅವಳು ಚೀಲ ಬಿಚ್ಚಿದಳು. ಟವೆಲ್ಲಿನೊಳಗೆ ಕಲ್ಲಿತ್ತು. ಒಂದೇ ಮೈ ಕಪ್ಪು, ಉಳಿದದ್ದು ಬೂದು. ಬೆಂಕಿಗೆ ಮುಖ ಕೊಟ್ಟ ಮೈ ಮಾತ್ರ ಹಾಗೆ ಕಪ್ಪಾಗುತ್ತದೆ. ಸುಳ್ಳು ಕಲ್ಲಿನಲ್ಲಿ ಅದು ಬಾರದು. ಚಿಕ್ಕಣ್ಣ ಅದನ್ನು ಕಣ್ಣಿಗೊತ್ತಿಕೊಂಡ. ಅವನ ದನಿ ಒಡೆಯಿತು.

"ಇಷ್ಟ್ ದಿನ ಎಲ್ಲಿದ್ದ್ರವ್ವಾ?"

"ಅಳ್ಬೇಡ ಮಾಮ," ಎಂದ ಸೆಂದಿಲ್, "ಅಣೆ ತುಂಬ್ಬಿಟ್ರೆ ನನ್ ಮೀನೆಲ್ಲಾ ಓಡೋಯ್ತವೆ."

ಹನ್ನೊಂದು ಮನೆಗಳಿಗೂ ಸುದ್ದಿ ಮುಟ್ಟಿಸಿ ಬರುತ್ತೇನೆಂದ ಚಿಕ್ಕಣ್ಣ. ಮೊದಲು ದರ್ಶನವಾಗಲಿ, ಆಮೇಲೆ ಎಲ್ಲರನ್ನೂ ಕಾಣೋಣ ಎಂದಳು ಜೀವಿತಾ. ಅದೂ ನ್ಯಾಯವೇ. ಮೂವರೂ ಹರಿಗೋಲು ಹತ್ತಿದರು. ಈಜು ಬಾರದೆಂದು ಅವರಿಬ್ಬರೂ ಅಂಚು ಹಿಡಿದೇ ಕುಳಿತರು.

ಗುಡಿಯಲ್ಲಿ ಮೊಣಕಾಲುದ್ದ ಕೆಸರು. ಚಿಕ್ಕಣ್ಣ ಹಾರೆಯಿಂದ ಹಾಸುಗಲ್ಲು ಸರಿಸಿ, ಬಟ್ಟೆ ಸುತ್ತಿದ ಮೂರ್ತಿಯನ್ನು ತೆಗೆದು, ಗೇಣುದ್ದದ ಅಮ್ಮನ ಮುಖ ತೊಳೆದು ದೀಪ ಹಚ್ಚಿದ. ಆಮೇಲೆ ಬೆನ್ನು ತಿರುಗಿಸಿ ಹೊರಗೆ ನಿಂತ. ಒಲೆಯ ಮನೆಯವರು ಅಮ್ಮನೊಡನೆ ತಮ್ಮ ಕಷ್ಟ ಹೇಳಿಕೊಳ್ಳುವಾಗ ಪೂಜಾರಿ ನೋಡಬಾರದು, ಕೇಳಬಾರದು. ಇದೂ ಹಿರಿಯರ ಕಟ್ಟಳೆಯೇ.

"ಅಮ್ಮನ್ನ ನಾವೇ ಮಲಗಿಸಿದ್ವಿ, ಅಯ್ಯಾ," ಎಂದಳು ಜೀವಿತಾ, ಸ್ವಲ್ಪ ಹೊತ್ತಿನ ಮೇಲೆ. ಗುಳಿಯಲ್ಲಿ ಬಟ್ಟೆಯ ಗಂಟು ಇತ್ತು. ಚಿಕ್ಕಣ್ಣ ಕೈಮುಗಿದು ಕಲ್ಲು ಮುಚ್ಚಿದ.

ಮರಳುವಾಗ ಗಾಳಿ ಎದ್ದಿತ್ತು. ಅರ್ಧ ದಾರಿಯಲ್ಲಿ ಅವನ ಕೈ ತಡವರಿಸಿತು. ಹರಿಗೋಲು ದುಂಡನೆಯ ಪುಟ್ಟಿ. ಒಬ್ಬರು ಮಗ್ಗುಲು ಬದಲಿಸಿದರೂ ಹುಟ್ಟು ಹಿಡಿದವನ ಮೊಣಕೈಗೆ ತಿಳಿಯುತ್ತದೆ. ಬರುವಾಗ ಸಮವಾಗಿ ಕುಳಿತಿದ್ದ ಪುಟ್ಟಿ ಈಗ ಜೀವಿತಾಳ ಕಡೆಗೆ ವಾಲುತ್ತಿತ್ತು.

"ಕಲ್ಲೆಲ್ಲಿ ಅವ್ವಾ?" ಎಂದು ಕೇಳಿದ.

"ಅಮ್ಮನ ಹತ್ರಾನೇ ಬಿಟ್ಟೆ, ಅಯ್ಯಾ. ಹರಕೆ."

ಯಾವ ಮನೆಯವರೂ ಆ ಕಲ್ಲನ್ನು ಬಿಟ್ಟು ಬರುವುದಿಲ್ಲ. ಬಿಟ್ಟಿದ್ದರೂ ಪುಟ್ಟಿ ಹಗುರಾಗಬೇಕಿತ್ತು. ಚಿಕ್ಕಣ್ಣ ಹುಟ್ಟನ್ನು ಮೇಲೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹರಿಗೋಲು ನಿಧಾನ ತಿರುಗತೊಡಗಿತು.

"ಚೀಲ ಬಿಚ್ಚು."

"ಪೆರಿಯವರೇ, ಸೀಕ್ಕಿರಂ ಪೋಂಗ," ಎಂದ ಅರುಣಾಚಲಂ. ಬೇಗ ನಡೆಸು ಎಂಬ ಆ ಮಾತಿನಲ್ಲಿ ಮರ್ಯಾದೆಯಿತ್ತು, ಮುಖದಲ್ಲಿರಲಿಲ್ಲ.

"ಬಿಚ್ಚು ಅಂದೆ."

ಅರುಣಾಚಲಂ ಚೀಲಕ್ಕೆ ಕೈಹಾಕಿ ಅಮ್ಮನನ್ನು ಎಳೆದು, ನೀರಿನ ಮೇಲೆ ಚಾಚಿ ಹಿಡಿದ. ನಡೆಸದಿದ್ದರೆ ಎಸೆಯುತ್ತೇನೆಂದು ತಮಿಳಿನಲ್ಲಿ ಕಿರುಚಿದ. ಚಿಕ್ಕಣ್ಣ ಹುಟ್ಟು ಮುಟ್ಟದೆ ಹೇಳಿದ:

"ಎಸಿ. ತೊಂಬತ್ತು ವರ್ಸದಿಂದ ನೀರೇ ಅವಳ ಮನೆ. ಈಜು ಬರ್ದಿರೋರು ನೀವಿಬ್ರು. ಬೈಗಾಗ್ಲಿ, ಬಲೆ ಆಕೋರು ಬರ್ಲಿ, ಅಲ್ಲೀಗಂಟ ಕೂತಿರಾನ."

ಬಿಸಿಲು ನೆತ್ತಿಯ ಮೇಲೆ ನಿಂತಿತ್ತು. ಪುಟ್ಟಿ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಜೀವಿತಾ ಗಡಿಯಾರ ನೋಡಿಕೊಂಡಳು. ಮತ್ತೆ ನೋಡಿಕೊಂಡಳು. ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

"ಅಯ್ಯಾ, ಮುದುಕ ಸತ್ತುಹೋಗ್ತಾನೆ!"

ಅರುಣಾಚಲಂ ಅವಳ ಕೆನ್ನೆಗೆ ಬಿಗಿದ. ಅವಳು ನಿಲ್ಲಿಸಲಿಲ್ಲ. ಕಲ್ಲು ತಮ್ಮದಲ್ಲ, ಹನ್ನೆರಡನೆಯ ಮನೆಯ ಪಳನಿಯಪ್ಪನ್ ತಾತನದು. ಪಿನಾಂಗಿನ ವೃದ್ಧಾಶ್ರಮದಲ್ಲಿ ಅವನ ಮಗ್ಗುಲು ತಿರುಗಿಸಿ, ಮೈ ಒರೆಸುತ್ತಿದ್ದ ಆಯಾ ಅವಳು. ಈ ಕನ್ನಡ ಅವನೇ ಕಲಿಸಿದ್ದು. ಹಳೇಪಾಡಿ, ಕಲ್ಲು, ಅಮ್ಮ, ಎಲ್ಲವನ್ನೂ ಅವನೇ ದಿನಾ ಹೇಳುತ್ತಿದ್ದ. ಊರಿಗೆ ಕರೆದೊಯ್ಯೇ ಮಗಳೇ ಎಂದು ಇವರಿಬ್ಬರ ಟಿಕೆಟ್ಟನ್ನೂ ಅವನೇ ತೆಗೆಸಿದ. ನಿನ್ನೆ ಇಲ್ಲಿಗೆ ಬಂದಿಳಿದ ಮೇಲೆ ಒಂದು ಲಾಡ್ಜಿನಲ್ಲಿ ನಿದ್ದೆ ಮಾತ್ರೆ ಕೊಟ್ಟು ಬೀಗ ಹಾಕಿದ್ದರು. ಮುಂಜಾನೆ ಏಳಲು ನೋಡಿದನೆಂದು ಅರುಣಾಚಲಂ ಇನ್ನೂ ನಾಲ್ಕು ಕೊಟ್ಟಿದ್ದ.

"ಯಾವ ಲಾಡ್ಜು?" ಎಂದ ಚಿಕ್ಕಣ್ಣ.

ಅವಳು ಬಾಯಿ ತೆರೆಯುವ ಮೊದಲೇ ಅರುಣಾಚಲಂ ಜೇಬಿನಿಂದ ಬೀಗದ ಕೈ ತೆಗೆದ. ಅದಕ್ಕೆ ಲಾಡ್ಜಿನ ಬಿಲ್ಲೆ ನೇತಾಡುತ್ತಿತ್ತು. ಅಮ್ಮನನ್ನು ಮಡಿಲಿಗೆ ಎಳೆದುಕೊಂಡು ಈಗ ಬೀಗದ ಕೈಯನ್ನು ನೀರಿನ ಮೇಲೆ ಹಿಡಿದ. ಜೀವಿತಾಳತ್ತ ಒಮ್ಮೆ ನೋಡಿದ. ಅವಳ ಬಾಯಿ ಮುಚ್ಚಿಕೊಂಡಿತು.

ಮೆಟ್ಟೂರೋ, ಸೇಲಮೋ, ಧರ್ಮಪುರಿಯೋ? ಎಷ್ಟು ಲಾಡ್ಜು, ಎಷ್ಟು ಬಾಗಿಲು? ಅಮ್ಮನನ್ನು ಕಾಯುವೆನೆಂದು ತನ್ನ ತಾತ ಕೈ ಹಿಡಿದು ಆಣೆ ಮಾಡಿಸಿದ್ದು ಚಿಕ್ಕಣ್ಣನಿಗೆ ನೆನಪಾಯಿತು. ಹನ್ನೊಂದು ಮನೆಗಳ ಹೆಂಗಸರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನೀನೇ ಹೇಳು ತಾಯೀ ಎಂದು ಅಮ್ಮನ ಕಡೆ ನೋಡಿದ. ಕೆಸರು ಒಣಗುತ್ತಿದ್ದ ಆ ಮುಖ ಯಾವಾಗಿನಂತೆಯೇ ಸುಮ್ಮನಿತ್ತು.

ಅವಳಿಗೆ ನೀರಾದರೂ ಮನೆ. ಆ ಮುದುಕನಿಗೆ ಈ ಎರಡು ಜಿಲ್ಲೆಯಲ್ಲಿ ತನ್ನನ್ನು ಬಿಟ್ಟು ಯಾರಿದ್ದಾರೆ?

"ಬೀಗದ್ ಕೈ ನನ್ ಕೈಗೆ ಬೀಳ್ಲಿ," ಎಂದ. "ಆಮ್ಯಾಕೆ ಉಟ್ಟು ನೀರ್ಗೆ ಬೀಳ್ತದೆ. ಅಮ್ಮನಾಣೆ, ದಡಕ್ಕೆ ಬುಡ್ತೀನಿ. ಅವಳ್ನ ತಕ್ಕೊಂಡೋಗಿ."

"ಸುಳ್ಳು ಹೇಳಲ್ಲ ಇವ್ರು," ಎಂದಳು ಜೀವಿತಾ ಗಂಡನಿಗೆ, ಕೆನ್ನೆ ಹಿಡಿದುಕೊಂಡೇ. "ಇವ್ರಿಗೆ ಬರೋದಿಲ್ಲ."

ಬೀಗದ ಕೈ ಚಿಕ್ಕಣ್ಣನ ಮಡಿಲಿಗೆ ಬಿತ್ತು. ಮೆಟ್ಟೂರು ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜು, ಏಳನೆಯ ರೂಮು ಎಂದು ಬಿಲ್ಲೆಯ ಮೇಲಿತ್ತು. ಚಿಕ್ಕಣ್ಣ ಎದುರುಗಾಳಿಗೆ ಹುಟ್ಟು ಹಾಕಿದ. ಜೀವಮಾನದಲ್ಲಿ ಹಾಗೆ ಹಾಕಿರಲಿಲ್ಲ. ತನ್ನ ದೇವರನ್ನು ತಾನೇ ಕಳ್ಳರ ಜೊತೆ ದಾಟಿಸುತ್ತಿದ್ದೇನೆ ಎಂಬುದು ಪ್ರತಿ ಎಳೆತಕ್ಕೂ ತೋಳಿನಲ್ಲಿ ನೋಯುತ್ತಿತ್ತು. ದಡ ಮುಟ್ಟಿದೊಡನೆ ಅವರು ಕಾರಿಗೆ ಓಡಿದರು. ಜೀವಿತಾ ಒಂದೇ ಒಂದು ಸಲ ತಿರುಗಿ ನೋಡಿದಳು.

"ಸೆಂದಿಲ್, ಗಾಡಿ ತಗೀಲಾ!"

"ಏನ್ ಮಾಮ, ಸೊಂದಕಾರ್ರು ಊಟಕ್ಕೂ ನಿಲ್ಲಿಲ್ವಾ?"

"ಕಳ್ರು ಕಣ್ಲಾ. ಅಮ್ಮನ್ನ ಒಯ್ತಾವ್ರೆ. ಕಾರ್ ನಂಬ್ರ ಪೊಲೀಸ್ಗೆ ಯೋಳು. ಆದ್ರೆ ಗಾಡಿ ಮೊದ್ಲು ಮೆಟ್ಟೂರ್ಗೆ ಓಡ್ಸು."

ಸೆಂದಿಲ್ ಮತ್ತೆ ತಮಾಷೆ ಮಾಡಲಿಲ್ಲ. ಮೀನಿನ ಡಬ್ಬವನ್ನು ನೆಲಕ್ಕೆ ಸುರಿದು ಗಾಡಿ ಹತ್ತಿದ.

ಏಳನೆಯ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಹಾಸಿಗೆಯ ಮೇಲೆ ಒಣಗಿದ ಕಡ್ಡಿಯಂಥ ಮುದುಕ ಅರೆಗಣ್ಣು ತೆರೆದು ಮಲಗಿದ್ದ. ಚಿಕ್ಕಣ್ಣ ಮೂಗಿಗೆ ಬೆರಳಿಟ್ಟ. ತುಂಬಾ ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ತೆಳ್ಳನೆಯ ಬಿಸಿ ತಾಕಿತು.

ಆಸ್ಪತ್ರೆಯಲ್ಲಿ ಪಳನಿಯಪ್ಪನ್ ಕಣ್ಣು ಬಿಟ್ಟದ್ದು ಮಾರನೆಯ ಮಧ್ಯಾಹ್ನ. ಅಷ್ಟು ಹೊತ್ತಿಗೆ ಶಂಕಗಿರಿಯಲ್ಲಿ, ಸಾಲು ಲಾರಿಗಳ ನಡುವೆ ಆ ಕಾರು ಪೊಲೀಸರಿಗೆ ಸಿಕ್ಕಿತ್ತು. ಒಳಗೆ ಕಳ್ಳರೂ ಇರಲಿಲ್ಲ, ಅಮ್ಮನೂ ಇರಲಿಲ್ಲ.

"ನೀನ್ಯಾರು?" ಎಂದ ಮುದುಕ.

"ಪೂಜಾರಿ ಮೊಮ್ಮಗ, ತಾತ. ಹಳೇಪಾಡಿ."

ಮುದುಕನ ಮುಖ ಅರಳಿತು. "ಅಮ್ಮನ್ನ ತೋರಿಸಪ್ಪಾ. ನಮ್ಮಪ್ಪ ಪಿನಾಂಗಿನಲ್ಲಿ ಸಾಯೋವಾಗ ಅವಳನ್ನೇ ಕೇಳ್ತಿದ್ದ."

ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಅವಳು ನೀರಿನಡಿ ಚೆನ್ನಾಗಿದ್ದಾಳೆ ಎಂದರೆ ಇವನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು. ಚಿಕ್ಕಣ್ಣ ಅದನ್ನು ನುಂಗಿಕೊಂಡ.

"ಅವಳಿಲ್ಲ, ತಾತ. ನಿನ್ ಬದ್ಲಿಗೆ ಕೊಟ್ಬುಟ್ಟೆ."

ಎಲ್ಲವನ್ನೂ ಹೇಳಿದ. ಕೇಳುತ್ತಾ ಮುದುಕ ಗೋಡೆಯ ಕಡೆ ಹೊರಳಿದ.

"ಯಾಕಪ್ಪಾ ಹಂಗೆ ಮಾಡ್ದೆ? ಇವತ್ತೋ ನಾಳೆಯೋ ಅನ್ನೋ ಹೆಣ ನಾನು. ಹನ್ನೊಂದು ಮನೆ ದೇವರನ್ನ ಕೊಟ್ಟು ಹೆಣ ತಂದ್ಯಾ?"

ಚಿಕ್ಕಣ್ಣ ಅವನ ಹೊದಿಕೆಯನ್ನು ಭುಜದವರೆಗೆ ಎಳೆದ. ಮುದುಕನೇ ಮತ್ತೆ ಕೇಳಿದ.

"ನನ್ನ ಕಲ್ಲೆಲ್ಲಿ?"

"ಅಮ್ಮನ್ ಬಟ್ಟೇಲಿ ಸುತ್ತಿಟ್ಟವ್ರೆ. ಅವಳ್ ಜಾಗ್ದಾಗೇ ಮಲ್ಗೈತೆ."

ಮುದುಕ ಮೆಲ್ಲಗೆ ಈ ಕಡೆ ತಿರುಗಿದ.

"ಆ ಮನೆಗಳಿಗೆ ಗೊತ್ತೋ?"

"ಇನ್ನೂ ಇಲ್ಲ. ಓಗ್ಬೇಕು. ಒಂದೊಂದ್ ಮನೆ ಬಾಗ್ಲಿಗೂ ಓಗಿ ಯೋಳ್ಬೇಕು. ಕಾಲೇ ಬರ್ತಿಲ್ಲ, ತಾತ."

ಪಳನಿಯಪ್ಪನ್ ಸೂಜಿ ಚುಚ್ಚಿದ್ದ ಕೈಯನ್ನು ಚಾಚಿ ಅವನ ಮಣಿಕಟ್ಟು ಹಿಡಿದುಕೊಂಡ. ಹಿಡಿತದಲ್ಲಿ ಬಲವೇ ಇರಲಿಲ್ಲ.

"ತಡಿ. ನಾನು ಎದ್ದು ಕೂತ್ಕೊಳ್ಳೋವರೆಗೂ ತಡಿ. ಮೊದ್ಲು ಕಲ್ಲು ತಗೊಂಡು ಬರೋಣ. ಆ ಬಾಗಿಲುಗಳಿಗೆ ನೀನೊಬ್ಬನೇ ಹೋಗ್ಬೇಡ."