ಹತ್ತನೇ ದಿನದ ನೀರು

ಶನಿವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಬಳ್ಳಾರಿಯ ಆ ಓಣಿಗೆ ನೀರು ಬಂತು. ಬಂದದ್ದು ಹತ್ತು ದಿನಗಳ ಮೇಲೆ. ಮನೆಯಲ್ಲಿ ಸುಮೈರಾ ಒಬ್ಬಳೇ ಇದ್ದಳು. ಅವಳಿಗೆ ಏಳು ವರ್ಷ.

ತಾಯಿ ಮಾಬುಬೀ ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಏಳಕ್ಕೆ. ತಂದೆ ಅಮೀರಸಾಬ್ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಜೂನ್‌ನಿಂದ ಸುಮೈರಾ ದಿನಾ ಶಾಲೆಯಿಂದ ಬಂದು ತಾನೇ ಬೀಗ ತೆಗೆದು, ತಾನೇ ಅನ್ನ ಹಾಕಿಕೊಂಡು, ಒಳಗಿನಿಂದ ಚಿಲಕ ಹಾಕಿ ಕೂರುತ್ತಾಳೆ. ಆಗಸ್ಟ್‌ನಲ್ಲಿ ಒಮ್ಮೆ ಚಿಲಕ ಹಾಕದೆ ನಿದ್ದೆ ಹೋಗಿದ್ದಳು.

"ಇನ್ನೊಂದ್ಸಲ ತಪ್ಪಿದ್ರ ಕುರುಗೋಡಿಗೆ ನಾನಿ ಮನ್ಯಾಗ ಬಿಡ್ತೀನಿ ನೋಡು. ಅಲ್ಲೇ ಸಾಲಿಗೆ ಹೋಗುವಂತಿ" ಎಂದಿದ್ದಳು ಮಾಬುಬೀ.

ಅಜ್ಜಿಯ ಮನೆಯಲ್ಲಿ ಅಮ್ಮ ಇರುವುದಿಲ್ಲ.

ನಳ ಗೊರಗೊರ ಅಂದ ಕೂಡಲೇ ಸುಮೈರಾ ಕುಡಿಯುವ ನೀರಿನ ನೀಲಿ ಡ್ರಮ್ಮಿನ ಮುಚ್ಚಳ ತೆಗೆದಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಮಂಜಮ್ಮ ಕೂಗಿದಳು:

"ಏ ಸುಮ್ಮೀ, ನಳ ಬಂತು! ನಾ ಬರ್ಲೇನು?"

"ಬ್ಯಾಡತ್ತೀ. ನಾನ ಹಿಡಿತೀನಿ."

"ಅಬ್ಬಬ್ಬಾ, ಮನಿ ಯಜಮಾನ್ತಿ! ಡ್ರಮ್ ನಿನಗಿಂತ ಎತ್ರ ಐತಿ, ಬಾಗಿಲಾ ತೆಗಿ."

"ಅಮ್ಮ ತೆಗೀಬ್ಯಾಡ ಅಂದಾಳ."

ಮಂಜಮ್ಮ ನಕ್ಕು ತನ್ನ ಕೊಡಗಳ ಕಡೆ ಹೋದಳು.

ಸುಮೈರಾ ಚೊಂಬಿನಲ್ಲಿ ಹಿಡಿದು, ಸ್ಟೂಲ್ ಹತ್ತಿ, ಡ್ರಮ್ಮಿಗೆ ಸುರಿದಳು. ಎರಡಕ್ಕೆ ನೀರು ನಿಂತಾಗ ಡ್ರಮ್ ಮುಕ್ಕಾಲು ತುಂಬಿತ್ತು. ನೆಲ ಒರೆಸಿ, ಒದ್ದೆ ಫ್ರಾಕ್ ಬದಲಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಾತಾಡಲು ಯಾರೂ ಇರಲಿಲ್ಲ. ಐದು ತಾಸು ಹಾಗೇ ಕಳೆಯಿತು.

ಮಾಬುಬೀ ಬಂದವಳೇ ಗಾಜಿನ ಲೋಟದಲ್ಲಿ ನೀರು ತುಂಬಿದಳು. ನೀರು ಕೆಂಪಗಿತ್ತು.

ನಳದ ಮೊದಲ ಹತ್ತು ನಿಮಿಷ ಮಣ್ಣು ನೀರೇ ಬರುತ್ತದೆ. ಓಣಿಯವರು ಅದನ್ನು ಬಚ್ಚಲಿಗೆ ಹಿಡಿದಿಟ್ಟು, ತಿಳಿಯಾದ ಮೇಲೆ ಡ್ರಮ್ ತುಂಬಿಸುತ್ತಾರೆ. ಅದನ್ನು ಮಗಳಿಗೆ ಯಾರೂ ಹೇಳಿರಲಿಲ್ಲ.

"ನೀ ಕುಡದಿಯೇನು?"

"ಎರಡ್ ಲೋಟ."

ಮಾಬುಬೀ ಬೈಯಲಿಲ್ಲ. ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ಗೂಟದಲ್ಲಿದ್ದ ಚೀಲ ಇಳಿಸಿ ಮಗಳ ಫ್ರಾಕುಗಳನ್ನು ಮಡಚಿ ಅದರೊಳಗೆ ಇಡತೊಡಗಿದಳು.

"ಚಿಲಕ ಹಾಕಿದ್ನಲ್ಲಮ್ಮಾ" ಎಂದಳು ಸುಮೈರಾ.

"ಹೌದವ್ವಾ, ಹಾಕಿದ್ದಿ. ತಪ್ಪು ನಂದು. ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಬಾರ್ದಿತ್ತು."

ಸುಮೈರಾಳಿಗೆ ಹೊಟ್ಟೆ ಕೆಡಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ಕುರುಗೋಡಿನ ಬಸ್ ಹತ್ತಿದರು. ಸಂಜೆ ಐದರ ಬಸ್ಸಿಗೆ ಮಾಬುಬೀ ಒಬ್ಬಳೇ ಬಳ್ಳಾರಿಗೆ ಮರಳಿದಳು.